ಸೊಪ್ಪಿನ ಕೋಣೆಯ ಹಿಂದೆ ಒಂದು ಕಿರೀಟ

ಗೋಕುಲಾಷ್ಟಮಿ ಇನ್ನೇನು ಬಂತು ಎನ್ನುವಾಗ ಮಗಳ ನರ್ಸರಿ ಶಾಲೆಯಿಂದ ಮೊಬೈಲಿಗೆ ಮೆಸೇಜು ಬಂತು: ಸೋಮವಾರ ಮಕ್ಕಳೆಲ್ಲ ಕೃಷ್ಣನ ಇಲ್ಲವೇ ರಾಧೆಯ ವೇಷದಲ್ಲಿ ಬರಬೇಕು. ಚಿಂತಾಮಣಿಯಲ್ಲಿ ವೇಷ ಬಾಡಿಗೆಗೆ ಕೊಡುವ ಅಂಗಡಿ ನನ್ನ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಬುದ್ಧಿ ಇದ್ದವರು ಅಲ್ಲಿಗೆ ಹೋಗುತ್ತಾರೆ. ನಾನು ಹೋಗಲಿಲ್ಲ. ಹಿಂದಿನ ವರ್ಷ ಆ ಅಂಗಡಿಯ ಜರಿ ಅಂಗಿಗೆ ಮಗಳ ಕತ್ತಿನ ಸುತ್ತ ಕೆಂಪು ಗಂದೆ ಎದ್ದಿತ್ತು ಎಂದು ಎಲ್ಲರಿಗೂ ಹೇಳಿದೆ. ಅದು ನೆಪ. ಬೆಳಗ್ಗೆ ಬಸ್ ಹತ್ತಿದರೆ ಸಂಜೆ ಇಳಿಯುವ ಇವಳು ಮಗುವಿಗೆ ಕೈಯಾರೆ ಏನು ಮಾಡಿದಳು ಎಂದು ಊರವರು ಯಾರೂ ಕೇಳಿರಲಿಲ್ಲ. ಆದರೂ ನನ್ನ ಕಿವಿಗೆ ಅದು ಕೇಳಿಸುತ್ತಲೇ ಇತ್ತು.

ಹಾಗಾಗಿ ಭಾನುವಾರ ಬೆಳಗ್ಗೆಯೇ ಬೀರುವಿನಿಂದ ಅರಿಶಿನ, ಕುಂಕುಮದ ಜೊತೆ ಬಂದ ರವಿಕೆ ಕಣಗಳನ್ನೆಲ್ಲ ಹೊರಗೆ ಎಳೆದೆ. ಹಳದಿಯವು ಎರಡು ಸೇರಿ ಒಂದು ಪುಟ್ಟ ಕಚ್ಚೆಯಾಯಿತು. ಹಿಂದಿನ ಬೆಳೆಯಲ್ಲಿ ತೂತಾಗಿ ಯಾರೂ ಕೊಳ್ಳದೆ ಉಳಿದ ರೇಷ್ಮೆಗೂಡುಗಳನ್ನು ಕತ್ತರಿಸಿ, ಅರ್ಧ ಅರಿಶಿನದ ನೀರಿನಲ್ಲಿ, ಅರ್ಧ ಕುಂಕುಮದ ನೀರಿನಲ್ಲಿ ಅದ್ದಿ ಒಣಗಿಸಿ ಹಾರ ಕಟ್ಟಿದೆ. ತೊಗಟೆ ಸುಲಿದ ಹಿಪ್ಪುನೇರಳೆ ಕಡ್ಡಿ ಕೊಳಲಾಯಿತು. ನಾಲ್ಕು ವರ್ಷದ ಮಗಳು ಅದನ್ನು ಬಾಯಿಗಿಟ್ಟುಕೊಂಡು ಮನೆ ತುಂಬ ಓಡಾಡಿದಳು. ಮದುವೆ ಪತ್ರಿಕೆಗಳ ದಪ್ಪ ರಟ್ಟು ಕತ್ತರಿಸಿ ಕಿರೀಟ ಅಂಟಿಸಿದೆ. ಅದರ ಮೇಲೆ ಯಾರ್‍ಯಾರದೋ ಮುಹೂರ್ತ, ಯಾರ್‍ಯಾರದೋ ಛತ್ರದ ವಿಳಾಸ ಎಲ್ಲ ಕಾಣುತ್ತಿತ್ತು.

ಅದನ್ನು ಮುಚ್ಚಲಿಕ್ಕೆಂದೇ ಶನಿವಾರ ಒಂದು ಸ್ಪ್ರೇ ಡಬ್ಬ ತಂದಿದ್ದೆ. ಚಿನ್ನದ ಬಣ್ಣ.

ನಮ್ಮದು ಕೆಂಚಾರ್ಲಹಳ್ಳಿ ಕಡೆಯ ಒಂದು ಊರು. ಮನೆಗೆ ಅಂಟಿಕೊಂಡಂತೆ ರೇಷ್ಮೆಹುಳು ಸಾಕುವ ಹುಳುಮನೆ. ಅದು ಅತ್ತೆಯವರ ರಾಜ್ಯ. ಹುಳು ಇರುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಸೊಳ್ಳೆಬತ್ತಿ ಇಲ್ಲ, ಮಗುವಿಗೆ ಪೌಡರ್ ಕೂಡ ಇಲ್ಲ. ರೇಷ್ಮೆಹುಳುವಿಗೆ ಯಾವ ಘಾಟೂ ಆಗದು. ಗೌರಿಬಿದನೂರಿನಲ್ಲಿ ಬೆಳೆದ ನನಗೆ ಮದುವೆಯಾದ ಹೊಸದರಲ್ಲಿ ಇದೆಲ್ಲ ಅತಿ ಅನ್ನಿಸುತ್ತಿತ್ತು. ತಲೆಗೆ ಪರಿಮಳದ ಎಣ್ಣೆ ಹಾಕಿಕೊಂಡು ಒಳಗೆ ಹೋಗಿ, ಅತ್ತೆಯ ಒಂದೇ ಒಂದು ನೋಟಕ್ಕೆ ಹಿಂದಕ್ಕೆ ಬಂದವಳು ನಾನು. ಆ ಭಾನುವಾರ ಹುಳುಗಳು ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಒಂದು ವಾರ ಅವು ತಿನ್ನುವ ಹಿಪ್ಪುನೇರಳೆ ಸೊಪ್ಪಿಗೆ ಲೆಕ್ಕವಿಲ್ಲ. ಆಮೇಲೆ ಗೂಡು ಕಟ್ಟುತ್ತವೆ. ಅಲ್ಲಿಯತನಕ ಅತ್ತೆ ಸರಿಯಾಗಿ ಊಟ ಮಾಡುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹುಳುಮನೆಯ ಬಾಗಿಲಿನಿಂದ ದೂರ, ಹಿತ್ತಲಿನ ಗೋಡೆಯ ಮರೆಗೆ ಹೋದೆ. ಮಗಳನ್ನು ದೂರ ನಿಲ್ಲಿಸಿ, ಕಿರೀಟವನ್ನು ಕಲ್ಲಿನ ಮೇಲಿಟ್ಟು ಡಬ್ಬದ ತಲೆ ಒತ್ತಿದೆ. ಶ್ರಾವಣದ ಗಾಳಿ. ಬಣ್ಣ ಅರ್ಧ ಕಿರೀಟಕ್ಕೆ, ಅರ್ಧ ಗಾಳಿಗೆ ಹೋಯಿತು. ಕಿರೀಟ ಮಾತ್ರ ಥಳಥಳ ಹೊಳೆಯಿತು. ಮಗಳು ಓಡಿ ಬಂದು ಮುಟ್ಟಿಯೇ ಬಿಟ್ಟಳು. ಅವಳ ಹೆಬ್ಬೆರಳು ಚಿನ್ನದ ಬಣ್ಣವಾಯಿತು. ಇಬ್ಬರೂ ನಕ್ಕೆವು.

ಆಗ ತಲೆ ಎತ್ತಿ ನೋಡಿದೆ. ನಾನು ನಿಂತಿದ್ದು ಸೊಪ್ಪಿನ ಕೋಣೆಯ ಜಾಲರಿ ಕಿಟಕಿಯ ಕೆಳಗೆ.

ಬೆಳಗ್ಗೆ ಕೊಯ್ದು ತಂದ ಸೊಪ್ಪನ್ನು ಆ ಕೋಣೆಯಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟಿರುತ್ತಾರೆ. ಹುಳುವಿಗೆ ಘಾಟು ತಾಗದಂತೆ ಇಷ್ಟೆಲ್ಲ ಮಾಡಿ, ನಾನು ಅದರ ಅನ್ನಕ್ಕೇ ಬಣ್ಣ ಹೊಡೆದಿದ್ದೆ. ಓಡಿಹೋಗಿ ನೋಡಿದೆ. ಗೋಣಿ ಒಂದು ಕಡೆ ಸರಿದಿತ್ತು. ಸೊಪ್ಪು ಹಸಿರಾಗಿಯೇ ಇತ್ತು, ಆದರೆ ಕೋಣೆಯೆಲ್ಲ ಪೇಂಟಿನ ವಾಸನೆ. ಮೂಸಿದೆ, ಮತ್ತೆ ಮೂಸಿದೆ. ನನ್ನ ಕೈಯದೇ ವಾಸನೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಗೋಣಿ ಎಳೆದು ಮುಚ್ಚಿದೆ. ಡಬ್ಬವನ್ನು ಕಚೇರಿ ಬ್ಯಾಗಿನೊಳಗೆ ತುರುಕಿದೆ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತಾ ಕಿರೀಟಕ್ಕೆ ನವಿಲುಗರಿ ಸಿಕ್ಕಿಸುತ್ತಾ ಕೂತೆ.

ಸಂಜೆಯ ಸೊಪ್ಪು ಹಾಕಲು ಹೋದ ಅತ್ತೆ ಸ್ವಲ್ಪ ಹೊತ್ತಿಗೇ ಹೊರಗೆ ಬಂದರು. ಕೈಯಲ್ಲಿ ಒಂದು ಹಿಡಿ ಸೊಪ್ಪು.

"ಏನಮ್ಮ ಇದು, ಸೊಪ್ಪು ಪೇಂಟ್ ವಾಸ್ನೆ ಹೊಡೀತೈತೆ? ಒಂದು ರ್‍ಯಾಕಿಗೆ ಆಗ್ಲೇ ಹಾಕ್ಬಿಟ್ಟೆ. ಯಾರು ಏನ್ ಮಾಡಿದ್ರು ಇಲ್ಲಿ?"

ಕೈಯಲ್ಲಿದ್ದ ಕಿರೀಟವನ್ನು ಬೆನ್ನ ಹಿಂದೆ ಸರಿಸಿದೆ.

"ನಾನೇ ಅವ್ವ," ಎಂದಳು ಮಗಳು. ಅಜ್ಜಿಯನ್ನು ಅವಳು ಅವ್ವ ಎಂದೇ ಕರೆಯುವುದು. ಹೆಬ್ಬೆರಳನ್ನು ಎತ್ತಿ ತೋರಿಸಿದಳು.

ಅತ್ತೆ ಆ ಬೆರಳು ನೋಡಿದರು. ನನ್ನನ್ನು ನೋಡಿದರು. ಒಳಗೆ ಹೋಗಿ, ಹಾಕಿದ ಸೊಪ್ಪನ್ನೆಲ್ಲ ರ್‍ಯಾಕಿನಿಂದ ಎತ್ತತೊಡಗಿದರು. ನನ್ನ ಗಂಡ ಉಳಿದ ರಾಶಿಯನ್ನು ತಿಪ್ಪೆಗೆ ಹೊತ್ತು ಹಾಕಿ, ಪಕ್ಕದವರ ತೋಟಕ್ಕೆ ಸೊಪ್ಪು ಕೇಳಿ ತರಲು ಓಡಿದರು. ಎಲ್ಲರೂ ಓಡುತ್ತಿದ್ದಾಗ ನಾನು ಕಂಬದ ಹಾಗೆ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಮಗುವಿನ ತಪ್ಪಾದರೆ ಯಾರೂ ದೊಡ್ಡದು ಮಾಡುವುದಿಲ್ಲವಲ್ಲ ಎಂಬ ಒಂದು ಹೀನ ಸಮಾಧಾನ ಒಳಗೆ ಎಲ್ಲೋ ಕೂತಿತ್ತು. ಅದನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆ.

ವಿಷ ತಗುಲಿದ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಹಸಿರು ನೀರು ಕಕ್ಕುತ್ತದೆ ಎಂದು ಅತ್ತೆ ಯಾವಾಗಲೋ ಹೇಳಿದ್ದರು. ನಾನು ಕೈಕಾಲು ತೊಳೆದು ಆ ರ್‍ಯಾಕಿನ ಮುಂದೆ ಹೋಗಿ ನಿಂತೆ. ಎಲ್ಲ ಹುಳುಗಳೂ ತಲೆ ಎತ್ತಿದಂತೆಯೇ ಕಂಡವು. ಹೊರಗೆ ಬರುವುದು, ಮತ್ತೆ ಕೈಕಾಲು ತೊಳೆದು ಒಳಗೆ ಹೋಗುವುದು. ಊಟಕ್ಕೆ ಕೂತಾಗ ಮಗಳು ತುತ್ತು ನುಂಗದೆ ಕೇಳಿದಳು, "ಹುಳ ಸತ್ತೋಗ್ತವಾ ಅಮ್ಮ?" ಇಲ್ಲ ಎಂದೆ. ಮಲಗುವಾಗಲೂ ಅದನ್ನೇ ಕೇಳಿದಳು. ನಾನು ಅವಳ ಹೆಬ್ಬೆರಳನ್ನು ಎಣ್ಣೆ ಹಚ್ಚಿ ಉಜ್ಜುತ್ತಿದ್ದೆ. ಬಣ್ಣ ಉಗುರಿನ ಸಂದಿಯಲ್ಲಿ ಉಳಿದುಬಿಟ್ಟಿತ್ತು.

ಬೆಳಗ್ಗೆ ಎದ್ದವಳೇ ಹುಳುಮನೆಗೆ ಹೋದೆ. ಅತ್ತೆ ಆಗಲೇ ಅಲ್ಲಿದ್ದರು. "ಒಂದು ಹಿಡಿಯಷ್ಟು ಸತ್ತೋಗವೆ. ಮಿಕ್ಕಿದ್ದು ತಿಂತಾ ಅವೆ," ಎಂದರು. ಹೋದವುಗಳನ್ನು ಒಂದು ಕಾಗದದ ಮೇಲೆ ಎತ್ತಿಟ್ಟಿದ್ದರು.

ಮಗಳಿಗೆ ಕಚ್ಚೆ ಉಡಿಸಿದೆ, ಹಾರ ಹಾಕಿದೆ, ಹಣೆಗೆ ನಾಮ ಬರೆದೆ. ಕಿರೀಟ ಎತ್ತಿದ ಕೂಡಲೇ ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಬೇಡ. ಅದು ಹಾಕ್ಕೊಂಡ್ರೆ ಹುಳ ಸಾಯ್ತವೆ." ಮುದ್ದು ಮಾಡಿದೆ, ಗದರಿದೆ. ಅವಳು ಅಳತೊಡಗಿದಳು. ಶಾಲೆಯ ವ್ಯಾನ್ ಬರುವ ಹೊತ್ತಾಗುತ್ತಿತ್ತು. ಅತ್ತೆ ಹೊಸ್ತಿಲ ಬಳಿ ಬಂದು ನಿಂತರು. "ಯಾಕೆ ತಲ್ಲೀ, ಅಳ್ತಾ ಇದೀಯ?" ಮುದ್ದು ಬಂದಾಗ ಅವರ ಬಾಯಲ್ಲಿ ತೆಲುಗು ಬರುತ್ತದೆ. ಮಗಳು ಅಜ್ಜಿಯನ್ನು ಬಿಟ್ಟು ನನ್ನ ಮುಖ ನೋಡಿದಳು, ಏನು ಹೇಳಲಿ ಎಂದು ಕೇಳುವವಳಂತೆ.

"ಅವಳಲ್ಲ ಅತ್ತೆ," ಎಂದೆ. "ನಾನು. ಕಿಟಕಿ ಕೆಳಗೆ ನಿಂತ್ಕೊಂಡು ನಾನೇ ಹೊಡೆದಿದ್ದು. ಗೊತ್ತಾದ್ಮೇಲೂ ಹೇಳ್ಲಿಲ್ಲ."

ಅತ್ತೆ ಸೆರಗಿನಿಂದ ಮಗುವಿನ ಮೂಗು ಒರೆಸಿದರು. "ನಂಗೊತ್ತು ಕಣಮ್ಮ. ಸೊಪ್ಪಿನ ಕಿಟಕಿ ಆ ಮಗೂಗೆ ಎಟಕುತ್ತಾ? ನೀನೇ ಹೇಳ್ತೀಯ ಅಂತ ನೆನ್ನೆಯಿಂದ ಕಾಯ್ತಾ ಇದ್ದೆ." ಅಷ್ಟು ಹೇಳಿ ತಮ್ಮ ಹತ್ತಿಯ ಟವೆಲನ್ನು ಮಗಳ ತಲೆಗೆ ಸುತ್ತಿ ಪೇಟ ಕಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಕೃಷ್ಣನನ್ನು ಎತ್ತಿಕೊಂಡು ವ್ಯಾನ್ ನಿಲ್ಲುವ ಜಾಗಕ್ಕೆ ನಡೆದೆ. ಅರ್ಧ ದಾರಿಯಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಅವ್ವ ನಿಂಗೆ ಬೈಲಿಲ್ಲ ಅಲ್ವಾ?"

"ಇಲ್ಲ ಕಣಮ್ಮ. ನೀನ್ಯಾಕೆ ನೆನ್ನೆ ನಾನೇ ಅಂತ ಹೇಳ್ದೆ?"

"ನಿಂಗೆ ಭಯ ಆಗಿತ್ತಲ್ಲ. ಅದಕ್ಕೆ."

ವ್ಯಾನಿನೊಳಗಿನಿಂದ ಅವಳು ಕೈ ಬೀಸಿದಳು. ನಾನೂ ಬೀಸಿದೆ. ಕಚೇರಿಯ ಬಸ್ ಬಂದು ನಿಂತು, ಹೊರಟು ಹೋದದ್ದು ಆಮೇಲೆ ತಿಳಿಯಿತು.