ಕಾಗಿಣಾದ ಸಿಗಡಿ

ದಣಿದ ಮನೆಗೂ ಒಂದು ವಾಸನೆಯಿರುತ್ತದೆ, ಗೆಳೆಯರೆ: ಆರಿದ ಸ್ಟೋವಿನ ಸೀಮೆಎಣ್ಣೆ, ಒಗೆಯದ ಬಟ್ಟೆ, ಮುಟ್ಟದೆ ಉಳಿದ ಅನ್ನ, ಇವೆಲ್ಲ ಬೆರೆತದ್ದು. ಶಹಾಬಾದಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಬೇಸಿಗೆ ಪೂರ್ತಿ ಅದೇ ತುಂಬಿತ್ತು. ಉಸಿರಿಲ್ಲದೆ ಹುಟ್ಟಿದ ಮಗುವನ್ನು ನಾನು ಮಣ್ಣಿಗಿಟ್ಟು ಬಂದಂದಿನಿಂದ ನನ್ನ ಹೆಂಡತಿ ಸುಮನ ಸುಮ್ಮನಾಗಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದರೆ ಮಾತಿಲ್ಲ, ಊಟವೆಂದರೆ ಒಂದೆರಡು ತುತ್ತು. ಕಲ್ಲಿನ ಗಣಿಯಲ್ಲಿ ಗುಮಾಸ್ತನಾಗಿದ್ದ ನಾನು ಮೈತುಂಬ ಧೂಳು ಹೊತ್ತು ಬಂದು ಅದೇ ಗೋಡೆಯ ಎದುರು ಕುಸಿದು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಖೈರುನ್‌ಬಿ ಸೆರಗಿನ ಮರೆಯಲ್ಲಿ ಡಬ್ಬಿಯೊಂದನ್ನು ತಂದರು. ಒಳಗೆ ಕಾಗಿಣಾ ಹೊಳೆಯ ಹಸಿ ಸಿಗಡಿ.

“ನಿಮ್ಮಾಕಿ ಕಾರವಾರದಾಕಿ. ಹಿಟ್ಟಿನಾಗ ಅದ್ದಿ ಕರದು ಕೊಡ್ರಿ, ಉಣ್ತಾಳ.”

“ನಮ್ಮ ಮನ್ಯಾಗ ಇದನ್ನ ಯಾರೂ ಮುಟ್ಟಿಲ್ಲರಿ. ನೀವೇ ಮಾಡಿ ಕೊಡ್ರಿ.”

“ನಾ ಕೊಟ್ಟಿದ್ದೆಲ್ಲ ಹಂಗೇ ವಾಪಸ್ ಬಂತು. ಈ ಸಲ ನೀವ್ ಮಾಡ್ರಿ. ಬಾಗಿಲ್ದಾಗ ನಿಂತು ನಾ ಹೇಳ್ತೀನಿ.”

ಅವರು ಹೇಳಿದಂತೆ ತಲೆ ಕಿತ್ತು, ಸಿಪ್ಪೆ ಸುಲಿದು, ಬೆನ್ನಿನ ಕರಿ ಎಳೆ ತೆಗೆಯುವಾಗ ಅರ್ಧಕ್ಕೇ ಬಿಟ್ಟು ಎದ್ದೆ. ಹೊರಗಿನ ಕಟ್ಟೆಯ ಮೇಲೆ ಕೊಂಚ ಕೂತು ಬಂದೆ. ಅರಿಸಿನ, ಖಾರ, ನಿಂಬೆರಸ ಹಚ್ಚಿ, ಕಡಲೆಹಿಟ್ಟು ಕಲೆಸಿ, ಕಾದ ಎಣ್ಣೆಗೆ ಬಿಟ್ಟರೆ ಹಿಟ್ಟೊಂದು ಕಡೆ, ಸಿಗಡಿಯೊಂದು ಕಡೆ. ನನಗೆ ಅಳುವೂ ಬರಲಿಲ್ಲ. ದುಃಖಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ; ಅದೂ ತೀರಿದ ಮೇಲೆ ಉಳಿಯುವುದು ಬರೀ ಸುಸ್ತು.

“ಹಿಟ್ಟು ನೀರಾಗಿದೆ.”

ತಿರುಗಿದರೆ ಸುಮನ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಖೈರುನ್‌ಬಿ ಸದ್ದಿಲ್ಲದೆ ಹೊರಟುಹೋದರು. ಸುಮನ ನೆಲಕ್ಕೆ ಕೂತು, ಅಕ್ಕಿಹಿಟ್ಟು ಸೇರಿಸಿ ಬೆರಳಿಗೆ ಅಂಟುವಷ್ಟು ಗಟ್ಟಿಯಾಗಿ ಕಲೆಸಿ, ಒಂದೊಂದೇ ಸಿಗಡಿಯನ್ನು ಬಾಲ ಹಿಡಿದು ಅದ್ದಿ ಎಣ್ಣೆಗೆ ಜಾರಿಸಿದಳು. ಅವು ಹೊಂಬಣ್ಣಕ್ಕೆ ಉಬ್ಬಿ ಬಂದವು.

ಒಂದನ್ನು ಕಚ್ಚಿ ನಿಧಾನವಾಗಿ ಅಗಿದಳು. “ಸಮುದ್ರದ್ದಲ್ಲ. ಮಣ್ಣಿನ ರುಚಿ ಬರ್ತದೆ,” ಎಂದಳು. ಆದರೂ ಇನ್ನೊಂದನ್ನು ಕೈಗೆತ್ತಿಕೊಂಡು, ಅದನ್ನೇ ನೋಡುತ್ತ ಕೇಳಿದಳು: “ನೀವು ನೋಡಿದ್ರಲ್ಲ. ನಂಗೆ ಎಚ್ಚರವೇ ಇರ್ಲಿಲ್ಲ. ಹೇಗಿತ್ತು?”

ಸಂತೈಸುವ ಮಾತು ಹುಡುಕಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ, ಕಂಡದ್ದನ್ನೇ ಹೇಳಿದೆ.

“ಹೆಣ್ಣು. ತೆಲಿ ತುಂಬ ಕೂದಲಿತ್ತು. ಗದ್ದ ನಿಂದೇ. ಮಲಕೊಂಡಾಳೇನೋ ಅನ್ನಂಗಿತ್ತು.”

ಸುಮನ ಸ್ಟೋವಿನ ಉರಿ ತಗ್ಗಿಸಿ ನನ್ನ ಹತ್ತಿರ ಸರಿದು ಕೂತಳು.

“ಕೈ?” ಎಂದಳು. “ಕೈ ಹೇಗಿತ್ತು?”

ನಾನು ಒಂದೊಂದೇ ಬೆರಳನ್ನು ನೆನಪಿಸಿಕೊಂಡು ಹೇಳತೊಡಗಿದೆ.