ನುಂಗದ ಮಾತ್ರೆಗಳು

ಊರಿನವರು ಅವರನ್ನು ಕರೆಯುತ್ತಿದ್ದದ್ದೇ ಕಿವಿ ಮೇಡಂ ಎಂದು. ಓದಿದ್ದು ಮನಶ್ಶಾಸ್ತ್ರ, ಕೆಲಸ ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆಯಲ್ಲಿ, ಉಪಕರಣವೆಂದರೆ ಎರಡು ಕುರ್ಚಿ. ಹದಿನಾಲ್ಕು ವರ್ಷ ಅಲ್ಲಿ ಕೂತು ಜನರ ದುಃಖ ಕೇಳಿದರು. ಕೇಳಿದ್ದು ಸಾಲದೆ ಮಾತ್ರೆಯೂ ಬೇಕಾದವರನ್ನು ಮನೋವೈದ್ಯರಿರುವ ಪಟ್ಟಣಕ್ಕೆ ಕಳಿಸಬೇಕಿತ್ತು. ಅದು ಐದು ಗಂಟೆಯ ಬಸ್ ದಾರಿ. ಹಾಸಿಗೆಯಿಂದಲೇ ಏಳಲಾರದವನು ಬಸ್ ಹತ್ತುವುದುಂಟೇ? ಮೇಡಂ ಅರ್ಜಿ ಮೇಲೆ ಅರ್ಜಿ ಹಾಕಿದರು. ಕೊನೆಗೆ, ಇಂಥ ದೂರದ ಊರುಗಳಲ್ಲಿ ಮನಶ್ಶಾಸ್ತ್ರಜ್ಞರೇ ತರಬೇತಿ ಪಡೆದು ಕೆಲವು ಮಾತ್ರೆ ಬರೆಯಬಹುದು ಎಂದು ಎರಡು ವರ್ಷದ ಪ್ರಯೋಗಕ್ಕೆ ಅನುಮತಿ ಬಂತು.

ಅನುಮತಿ ಬಂದದ್ದೇ ತಡ, ಹೊರಗಿನ ಬೆಂಚು ತುಂಬಿತು. ಹಲವರು ನಿಜಕ್ಕೂ ಚೇತರಿಸಿಕೊಂಡರು. ಹೆತ್ತ ಮೇಲೆ ಮಗುವಿನ ಮುಖವನ್ನೇ ನೋಡದಿದ್ದ ಒಬ್ಬಳು ಮೂರು ತಿಂಗಳಿಗೆ ಅದನ್ನು ಎತ್ತಿಕೊಂಡು ಬಂದು ತೋರಿಸಿ ಹೋದಳು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಪ್ರತಿ ಗುರುವಾರ ಬರುತ್ತಿದ್ದ ಟೈಲರಣ್ಣನ ಒಂದು ಗಂಟೆಯ ಮಾತು ಹತ್ತೇ ನಿಮಿಷಕ್ಕೆ ಇಳಿಯಿತು.

ಟೈಲರಣ್ಣನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಈತ ಹೊಲಿದ ಅಂಗಿಗೆಲ್ಲ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದವಳು ಆಕೆ. ಅವಳ ಸುದ್ದಿ ತೆಗೆದರೆ ಮುಗಿಯಿತು, ಹಾಡಿದ್ದೇ ಹಾಡೋ ಕಿಸಬಾಯಿದಾಸ. ಬೆಂಚಿನಲ್ಲಿ ಇಪ್ಪತ್ತು ಜನ ಕಾಯುತ್ತಿದ್ದ ಒಂದು ಗುರುವಾರ ಮೇಡಂ ಅರ್ಧ ಮಾತಿನಲ್ಲೇ ಪೆನ್ನು ತೆಗೆದರು. ಮುಚ್ಚುಮರೆ ಯಾಕೆ, ಅವರು ಆ ಮಾತ್ರೆ ಬರೆದದ್ದು ದುಃಖ ಇಳಿಯಲಿ ಎಂದಲ್ಲ, ಮಾತು ಮುಗಿಯಲಿ ಎಂದು.

ವಾರದ ಭೇಟಿ ತಿಂಗಳಿಗೊಂದಾಯಿತು. ಮುಂದಿನ ತಿಂಗಳು ಚೀಟಿ ಹಿಡಿದು ಆತ ಮತ್ತೆ ಬಂದ.

"ಹೇಗಿದ್ದೀರಿ ಟೈಲರಣ್ಣ?"

"ಹಾಗೇ ಇದ್ದೀನಿ ಮೇಡಂ."

ಡೋಸ್ ಏರಿತು. ಮರು ತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೆ ಏರಿತು. ಮೂರು ಸಲ ಹೀಗಾಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಮೇಡಂ ಒಂದು ಸಲವೂ ಕೇಳಲಿಲ್ಲ. ಆತ ಒಂದನ್ನೂ ನುಂಗಿರಲಿಲ್ಲ. ಚೀಟಿಯ ನೆಪಕ್ಕಾದರೂ ಆ ಕುರ್ಚಿಯಲ್ಲಿ ಕೂರಬಹುದಲ್ಲ ಎಂದು ಬರುತ್ತಿದ್ದ, ಮಾತ್ರೆಗಳನ್ನು ಗುಂಡಿಯ ಡಬ್ಬಿಗೆ ಹಾಕಿಡುತ್ತಿದ್ದ.

ಡಬ್ಬಿ ಒಂದು ದಿನ ಅವನ ತಂಗಿಯ ಕೈಗೆ ಸಿಕ್ಕಿತು.

"ಏನಣ್ಣಾ ಇದು? ಆಯಮ್ಮ ಪಾಪ ಅಷ್ಟು ಜನರ ಮಧ್ಯೆ ನಿನಗೆ ಅಂತ ಬರೆದುಕೊಟ್ರೆ, ನೀನು ಅಂಗಿಗೆ ಹೊಲಿಯೋಕೆ ಇಟ್ಕೊಂಡಿದ್ದೀಯಾ?"

ಟೈಲರಣ್ಣನಿಗೆ ನಾಚಿಕೆಯಾಯಿತು. ಇನ್ನು ಮೇಡಂಗೆ ಮೋಸ ಮಾಡಬಾರದೆಂದು ಕೊನೆಯ ಚೀಟಿಯಲ್ಲಿದ್ದಂತೆ ಮೂರು ಮಾತ್ರೆಯನ್ನೂ ಒಟ್ಟಿಗೆ ನುಂಗಿದ. ಅರ್ಧದಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕಾದ ಮಾತ್ರೆ ಅದು. ಬೆಳಿಗ್ಗೆ ಎದ್ದು ನಿಂತವನಿಗೆ ಕಣ್ಣು ಕತ್ತಲಿಟ್ಟಿತು. ಹೊಲಿಗೆ ಮಷಿನ್ನಿನ ಮೇಲೆ ಬಿದ್ದ, ಬಲಗೈ ಮಣಿಕಟ್ಟು ಮುರಿಯಿತು.

ತಂಗಿ ಡಬ್ಬಿ ತಂದು ಮೇಡಂ ಮೇಜಿನ ಮೇಲೆ ಸುರಿದಳು. ನುಂಗಿದ ಮೂರನ್ನು ಬಿಟ್ಟು, ಮೇಡಂ ಬರೆದ ಅಷ್ಟೂ ಮಾತ್ರೆಗಳು ಗುಂಡಿಗಳ ನಡುವೆ ಇದ್ದವು.

ಮೇಲಿನವರಿಗೆ ವರದಿ ಹೋಗಬೇಕು. ನಮೂನೆಯಲ್ಲಿ ಒಂದು ಪ್ರಶ್ನೆ: ಡೋಸ್ ಏರಿಸುವ ಮುನ್ನ, ರೋಗಿ ಮಾತ್ರೆ ಸೇವಿಸುತ್ತಿರುವ ಬಗ್ಗೆ ವಿಚಾರಿಸಲಾಗಿತ್ತೇ? ಪಟ್ಟಣದ ಮನೋವೈದ್ಯರು ಫೋನಿನಲ್ಲಿ, "ಯೋಚಿಸಿ ಬರೀರಿ. ಪ್ರಯೋಗ ನಿಲ್ಲಿಸೋಕೆ ಅಲ್ಲಿ ಒಂದು ನೆಪಕ್ಕೇ ಕಾಯ್ತಿದ್ದಾರೆ" ಎಂದರು. ನಿಂತರೆ ಬೆಂಚಿನವರೆಲ್ಲ ಮತ್ತೆ ಬಸ್ ಹತ್ತಬೇಕು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಕ್ಷಮೆ ಕೇಳಲೆಂದು ಮೇಡಂ ಟೈಲರಣ್ಣನ ಮನೆಗೆ ಹೋದರು. ನಮೂನೆಯಲ್ಲಿದ್ದ ಪ್ರಶ್ನೆಯನ್ನು ತಿಳಿಸುತ್ತಲೇ ಆತನೇ ಮೊದಲು ಕ್ಷಮೆ ಕೇಳಿದ.

"ತಪ್ಪು ನಂದೇ ಮೇಡಂ. ನೀವು ಕೇಳಿದ್ರಿ, ನಾನು ತಗೊಳ್ತಿದ್ದೀನಿ ಅಂತ ಸುಳ್ಳು ಹೇಳ್ದೆ. ಹಾಗೇ ಬರ್ಕೊಳ್ಳಿ."

"ನಾನು ಕೇಳಲೇ ಇಲ್ಲವಲ್ಲ ಟೈಲರಣ್ಣ."

"ಅದು ನಮ್ಮಿಬ್ಬರಿಗೆ ಗೊತ್ತು. ಉಳಿದವರಿಗೆ ಯಾಕೆ?"

ಮೇಡಂ ಹಾಗೆಯೇ ಬರೆದರು. ವಿಚಾರಿಸಲಾಗಿತ್ತು, ರೋಗಿ ತಪ್ಪು ಮಾಹಿತಿ ನೀಡಿದ್ದಾರೆ. ಕೆಳಗೆ ಸಹಿ.

ಅನುಮತಿ ಮುಂದುವರಿಯಿತು. ಸಭೆಯಲ್ಲಿ ಅಧಿಕಾರಿಯೊಬ್ಬರು ಮೇಡಂ ಕೆಲಸವನ್ನು ಹೊಗಳಿ, "ರೋಗಿಗಳು ಸುಳ್ಳು ಹೇಳಿದರೆ ಯಾರೇನು ಮಾಡೋಕಾಗುತ್ತೆ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಡಂ ಚಪ್ಪಾಳೆಯ ನಡುವೆ ಸೆರಗು ಸರಿಮಾಡಿಕೊಳ್ಳುತ್ತ ಕೂತರು.

ಈಗ ಅವರು ಪ್ರತಿಯೊಬ್ಬರನ್ನೂ ಎರಡೆರಡು ಸಲ ಕೇಳುತ್ತಾರೆ. ಗುರುವಾರ ಕೆಲಸ ಮುಗಿಸಿ ಟೈಲರಣ್ಣನ ಮನೆಗೆ ಹೋಗುತ್ತಾರೆ. ಅವನ ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಕತ್ತರಿ ಹಿಡಿಯಲಾಗುವುದಿಲ್ಲ. ಆತ ಹೆಂಡತಿಯ ಸುದ್ದಿ ತೆಗೆಯುತ್ತಾನೆ, ಮೇಡಂ ಪೂರ್ತಿ ಒಂದು ಗಂಟೆ ಕೇಳುತ್ತಾರೆ. ಮೊನ್ನೆ ಅವರು ಹೊರಡಲು ಎದ್ದಾಗ ಆತ ಬಾಗಿಲವರೆಗೂ ಬಂದ.

"ಒಂದು ಮಾತು ಹೇಳ್ಲಾ ಮೇಡಂ? ಈ ಕೈ ಮುರಿದದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ನೀವೆಲ್ಲಿ ಬರ್ತಿದ್ರಿ?"

ಹೇಳಿದ್ದು ಪ್ರೀತಿಯಿಂದಲೇ. ಮೇಡಂ ಚಪ್ಪಲಿ ಹುಡುಕುವವರ ಹಾಗೆ ತಲೆ ಬಗ್ಗಿಸಿ ನಿಂತರು.