ಅವನ ಹೆಸರಿನಲ್ಲಿ ಹೇಳಿದ ಮಾತು

ಬಲತೊಡೆಯಿಂದ ಮೊಣಕಾಲಿನ ಪಕ್ಕಕ್ಕೆ ಇಳಿದಿದ್ದ ಆ ಗಾಯದಲ್ಲಿ ಇಪ್ಪತ್ತೇಳು ಹೊಲಿಗೆಯ ಗುರುತುಗಳಿದ್ದವು. ಎಣಿಸಿದ್ದೇನೆ, ಏಕೆಂದರೆ ಖಾಕಿ ಚಡ್ಡಿ ಹಾಕಿಕೊಂಡು, ಆ ಕಾಲನ್ನು ಒಂದು ಮಣೆಯ ಮೇಲೆ ಚಾಚಿ, ನನ್ನ ಮಗ್ಗದ ಪಕ್ಕ ಅವನು ನಾಲ್ಕು ತಿಂಗಳು ಕುಳಿತಿದ್ದ. ನೇಯುವವಳ ಕಣ್ಣಿಗೆ ಅದು ಕೆಟ್ಟ ಕೆಲಸ. ಒಂದು ಹೊಲಿಗೆಯೂ ಇನ್ನೊಂದರ ಸಾಲಿಗಿರಲಿಲ್ಲ. “ಯಾವ ದರ್ಜಿ ಹೊಲಿದಿದ್ದಪ್ಪ ಇದನ್ನ?” ಎಂದರೆ, “ಮಿಲಿಟ್ರಿ ದರ್ಜಿ ಅಕ್ಕ. ನೋಡಾಕೆ ಚೆಂದ ಇರಲ್ಲ, ಬಿಚ್ಚಾಕೂ ಬರಲ್ಲ” ಎನ್ನುತ್ತಿದ್ದ.

ನಮ್ಮ ಬೀದಿ ಅವನನ್ನು ಹವಾಲ್ದಾರ ಎಂದೇ ಕರೆಯುತ್ತಿತ್ತು. ಮೊಳಕಾಲ್ಮೂರಿನಲ್ಲಿ ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಉತ್ತರದ ಗಡಿಯಲ್ಲಿ ಲಾರಿ ಕಣಿವೆಗೆ ಜಾರಿ ತೊಡೆಯ ಮೂಳೆ ಮುರಿದಿತ್ತು; ಒಳಗೆ ರಾಡು ಹಾಕಿ ರಜೆಯ ಮೇಲೆ ಮನೆಗೆ ಕಳಿಸಿದ್ದರು. ಮನೆಯಲ್ಲಿ ಇದ್ದದ್ದು ಕಿವಿ ಮಂದವಾದ ಅವನ ತಾಯಿ ಮಾತ್ರ. ಹೆಂಡತಿ ಸುಡಾನ್ ದೇಶದ ಖಾರ್ಟೂಮ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡನಿಗೆ ಪೆಟ್ಟಾಗಿದೆ ಎಂದು ತಿಳಿದಾಗ ಅವಳು ಕೆಲಸ ಬಿಟ್ಟು ಬರುತ್ತೇನೆಂದಳು. “ಕಾಲು ಮುರಿದ್ರೆ ಯಾರೂ ಸಾಯಲ್ಲ, ಇನ್ನು ಐದು ತಿಂಗಳು ಐತೆ, ಮುಗಿಸ್ಕೊಂಡೇ ಬಾ” ಎಂದವನು ಇವನೇ.

ಬೆಳಿಗ್ಗೆ ಐದಕ್ಕೆ ಎದ್ದು ಗಡ್ಡ ಕೆರೆದುಕೊಂಡು, ಹೊದ್ದ ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಚಿಟ್ಟು, ಆಮೇಲೆ ಊರುಗೋಲು ಹಿಡಿದು ನಮ್ಮ ಮನೆಗೆ ಬರುವನು. ನಮ್ಮ ಸೀರೆಗೆ ಮೂರು ಲಾಳಿ ಬೇಕು: ಮೈಗೆ ಒಂದು, ಎರಡು ಅಂಚಿಗೆ ಎರಡು. ಮೈಯ ನೂಲು ಅಂಚಿನ ನೂಲಿಗೆ ಪ್ರತಿ ಸಲವೂ ಕೊಂಡಿ ಹಾಕಿಕೊಂಡರೆ ಮಾತ್ರ ಬಟ್ಟೆ ಒಂದಾಗುತ್ತದೆ. ಎಡಗಡೆಯ ಅಂಚಿಗೆ ಇನ್ನೊಬ್ಬರು ಕೂರಬೇಕು. ನನ್ನ ಜೊತೆ ಕೂರುತ್ತಿದ್ದ ನಾದಿನಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಇವನು ಎರಡು ದಿನ ನೋಡಿ, ಮೂರನೆಯ ದಿನ ಆ ಲಾಳಿ ಕೈಗೆ ತೆಗೆದುಕೊಂಡ. ಬಂದೂಕು ಹಿಡಿದ ಕೈ ಅಷ್ಟು ಬೇಗ ರೇಷ್ಮೆಗೆ ಒಗ್ಗಿದ್ದು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು.

ಅವನ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: “ಪೋಸ್ಟ್ ಬಿಡಬಾರದು.” ಪೋಸ್ಟ್ ಎಂದರೆ ಕಾವಲಿಗೆ ನಿಲ್ಲಿಸಿದ ಜಾಗ. ಬದಲಿ ಆಳು ಬರುವ ತನಕ, ಇಲ್ಲವೇ ನಿಲ್ಲಿಸಿದವರೇ ಬಾ ಎನ್ನುವ ತನಕ ಅಲ್ಲಿಂದ ಕದಲುವ ಹಾಗಿಲ್ಲ. ನಾನು ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋದರೂ ಅದೇ ಮಾತು ಹೇಳಿ ಕಾಡುವನು.

ಒಂದು ಬೆಳಿಗ್ಗೆ ಹೆಂಡತಿಯ ಫೋನು ಬಂತು. ಮಾತಿನ ನಡುವೆ ಏನೋ ಪಟಪಟ ಸದ್ದು. ಇವನ ಕೈಯ ಲಾಳಿ ನಿಂತಿತು. “ಕಿಟಕಿ ಹತ್ರ ಇದ್ದೀಯಾ? ಕೆಳಗೆ ಕೂತ್ಕೊ. ಈಗ್ಲೇ ಕೂತ್ಕೊ” ಎಂದ. ಆ ದೇಶದ ಎರಡು ಪಡೆಗಳು ತಮ್ಮತಮ್ಮಲ್ಲೇ ಕಾದಾಟಕ್ಕೆ ಬಿದ್ದಿದ್ದವು. ಗಡಿಯಲ್ಲಿರಬೇಕಾದವನು ಮೊಳಕಾಲ್ಮೂರಿನಲ್ಲಿ ಕಾಲು ಚಾಚಿ ಕುಳಿತಿದ್ದ; ಇಂಜೆಕ್ಷನ್ ಕೊಡುವ ಹುಡುಗಿ ಗುಂಡಿನ ನಡುವೆ ಇದ್ದಳು.

ಅವನು ಫೋನಿನಲ್ಲೇ ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟ. ಸಿಕ್ಕ ಪಾತ್ರೆಗೆಲ್ಲ ನೀರು ತುಂಬಿಸು, ಕೆಳಗಿನ ಉಗ್ರಾಣದಲ್ಲಿ ಮಲಗು. ಫೋನಿನ ಚಾರ್ಜ್ ಉಳಿಸು. ನಮ್ಮ ಹನ್ನೊಂದು ಗಂಟೆಗೆ ಐದು ನಿಮಿಷ ಮಾತ್ರ ಹಚ್ಚು. ನಾನು ಸಿಗದಿದ್ದರೆ ಅಕ್ಕನ ನಂಬರಿಗೆ ಮಾಡು. ಕೊನೆಗೆ, “ನಾನು ಹೇಳೋತನಕ ಆ ಕಟ್ಟಡ ಬಿಡಬೇಡ. ಯಾರ್ ಕರದ್ರೂ ಹೋಗಬೇಡ” ಎಂದ. ಮರುದಿನವೇ ಕಾರು ಹತ್ತಿ ಹೊರಟ ಇಬ್ಬರು ಗುಂಡು ತಿಂದು ಅದೇ ಆಸ್ಪತ್ರೆಗೆ ವಾಪಸು ಬಂದರಂತೆ. ಅಂದಿನಿಂದ ಗಂಡನ ಮಾತು ಅವಳಿಗೆ ವೇದವಾಯಿತು.

ದಿನಾ ಹನ್ನೊಂದಕ್ಕೆ ಮಗ್ಗ ನಿಲ್ಲಿಸುತ್ತಿದ್ದೆವು. ಫೋನು ಬಂದರೆ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಅವಳ ಮಾತನ್ನಲ್ಲ, ಹಿಂದಿನ ಸದ್ದನ್ನು. ಎಷ್ಟು ಹತ್ತಿರ ಬಂದಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅವನ ಮುಖ ನೋಡಿದರೆ ಸಾಕಿತ್ತು. ತಾಯಿ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ, “ಕೋಡಲು ಫೋನ್ ಚೇಸಿಂದಾ?” ಎಂದು ಸೊಸೆಯ ಫೋನಿನ ಬಗ್ಗೆ ವಿಚಾರಿಸಿದರೆ, “ಹೂಂ ಅವ್ವ, ಅರಾಮ್ ಅದಾಳೆ” ಎಂದು ಜೋರಾಗಿ ಕೂಗಿ ಹೇಳುವನು. ಆ ದಿನಗಳಲ್ಲಿ ಅವನ ಕಡೆಯ ಅಂಚು ತಪ್ಪತೊಡಗಿತು. ಒಂದು ಗೇಣು ಉದ್ದ ಅಂಚು ಒಂದು ಕಡೆ, ಮೈ ಒಂದು ಕಡೆ. ಅವನು ಮನೆಗೆ ಹೋದ ಮೇಲೆ ನಾನು ಬಿಚ್ಚಿ ಸರಿಮಾಡುತ್ತಿದ್ದೆ.

ಆಮೇಲೆ ಮೂರು ದಿನ ಫೋನೇ ಬರಲಿಲ್ಲ. ಊಟ ಬಿಟ್ಟ. ಕಾಲು ಬಾತು ಗಾಯದ ಬಾಯಲ್ಲಿ ಕೀವು ಕಂಡಿತು. “ಆಕಿ ಬರೋಹೊತ್ತಿಗೆ ನಿನ್ನ ಕಾಲೇ ಇಲ್ದಂಗ್ ಆಗ್ತದೆ. ಚಳ್ಳಕೆರೆಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬಾ, ಇಲ್ಲಿ ನನ್ ಫೋನ್ ಹತ್ರ ನಾನ್ ಕೂರ್ತೀನಿ” ಎಂದು ಬೈದು ನಾನೇ ಬಸ್ಸು ಹತ್ತಿಸಿದೆ.

ಬಸ್ಸು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ನನ್ನ ಫೋನು ಬಡಿದುಕೊಂಡಿತು. “ಅಕ್ಕ, ಇವ್ರ ಫೋನ್ ಸಿಗ್ತಿಲ್ಲ. ಗೇಟ್ ಹತ್ರ ಬಸ್ ಬಂದೈತೆ. ಬಂದರಿನ ಊರಿಗೆ ಹೋಗ್ತದಂತೆ, ಅಲ್ಲಿಂದ ಹಡಗು. ಎಲ್ರೂ ಹೊಂಟಾರೆ. ಇವ್ರು ಬಿಡಬೇಡ ಅಂದಾರೆ. ಕೇಳಿ ಹೇಳ್ರಿ ಅಕ್ಕ, ಹತ್ತು ನಿಮಿಷ ನಿಲ್ತಾರಂತೆ.”

ಗುಡ್ಡಗಳ ನಡುವಿನ ಆ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲ. ಮೂರು ಸಲ ಮಾಡಿದೆ, ಸಿಗಲಿಲ್ಲ. ದಾವಣಗೆರೆಯ ಆಚೆ ಕಾಣದವಳು ನಾನು. ಆ ರಸ್ತೆಯಲ್ಲಿ ಏನಿದೆಯೋ ನನಗೇನು ಗೊತ್ತು? ಹೋಗು ಎಂದರೆ ಕೊಂದ ಹಾಗಾಗಬಹುದು, ಇರು ಎಂದರೂ ಹಾಗೇ. ಎಲ್ಲರೂ ಬಿಟ್ಟುಹೋದ ಕಟ್ಟಡದಲ್ಲಿ ಅವಳೊಬ್ಬಳೇ ಕುಳಿತಿರುವುದು ನನ್ನ ಕಣ್ಣಿಗೆ ಕಟ್ಟಿತು. ಮತ್ತೆ ಫೋನು ಬಂತು. ನಾನು ಹೋಗು ಎಂದರೆ ಅವಳು ಹೋಗುವವಳಲ್ಲ. “ಸಿಕ್ಕಿದ್ದ ಕಣವ್ವ. ಹೋಗು ಅಂದ. ಈಗ್ಲೇ ಹತ್ತು ಅಂದ” ಎಂದುಬಿಟ್ಟೆ. ಅಷ್ಟಕ್ಕೇ ಲೈನು ಕಡಿಯಿತು.

ಚಳ್ಳಕೆರೆಗೆ ಫೋನು ಮಾಡಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವನು ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. “ಆ ರಸ್ತೆ ಒಂದು ಹಗಲು ಒಂದು ರಾತ್ರಿ ಐತೆ ಅಕ್ಕ. ಎಷ್ಟು ಕಡೆ ನಿಲ್ಲಿಸ್ತಾರೆ, ಯಾರು ನಿಲ್ಲಿಸ್ತಾರೆ, ಗೊತ್ತೇನ್ರಿ ನಿಮಗೆ?” ಎಂದಷ್ಟೇ ಕೇಳಿ ಹೊರಟುಹೋದ. ಗೋಡೆಯಾಚೆ ಊರುಗೋಲು ಆ ತುದಿಯಿಂದ ಈ ತುದಿಗೆ ನಡೆಯುವ ಸದ್ದು. ನಾನು ದೇವರ ಮುಂದೆ ಕುಳಿತರೂ ದೇವರ ಹೆಸರು ಬಾಯಿಗೆ ಬರಲಿಲ್ಲ.

ಮರುದಿನ ಇಡೀ ಫೋನಿಲ್ಲ. ಅದರ ಮರುದಿನ ಬೆಳಿಗ್ಗೆ ಅವನು ಬಂದು, ಮಣೆಯ ಮೇಲೆ ಕಾಲು ಚಾಚಿ, ತನ್ನ ಲಾಳಿ ಕೈಗೆತ್ತಿಕೊಂಡ. ಬಹಳ ಹೊತ್ತು ನೇಯ್ದೆವು. ಆಮೇಲೆ ಅಂಚಿನ ಮೇಲಿನ ಕಣ್ಣು ತೆಗೆಯದೆ ಹೇಳಿದ: “ಹೋಗು ಅಂದಿದ್ದು ನಾನೇ ಅಕ್ಕ. ನಾಳೆ ಏನಾರ ಸುದ್ದಿ ಬಂದ್ರೆ ಅವ್ವಂಗೂ ಹಂಗೇ ಹೇಳ್ತೀನಿ, ಅವಳ ತೌರಿನೋರಿಗೂ ಹಂಗೇ. ನಿಮ್ಮ ಹೆಸರು ಎತ್ತಬ್ಯಾಡ್ರಿ.” ಅವಳು ಬದುಕಿದ್ದಾಳೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂದು ಅವನ ಕಡೆಯ ಒಂದು ಕೊಂಡಿಯೂ ತಪ್ಪಿರಲಿಲ್ಲ. ನಾನು ಅತ್ತೆ. ಅವನು ಕೆಲಸ ನಿಲ್ಲಿಸಲಿಲ್ಲ.

ಮಾರನೆಯ ದಿನ ಸಂಜೆ ಬಂದರಿನಿಂದ ಯಾರದೋ ಫೋನಿನಲ್ಲಿ ಅವಳ ದನಿ ಕೇಳಿತು. ಹತ್ತು ದಿನಕ್ಕೆ ಮನೆಗೆ ಬಂದಳು, ಒಂದು ಕೈಚೀಲ ಹಿಡಿದುಕೊಂಡು. ಅವರು ಹೊರಟ ಮರುದಿನ ಆ ಉಗ್ರಾಣದ ಮೇಲೆಯೇ ಶೆಲ್ ಬಿದ್ದಿತ್ತಂತೆ.

ಕಾಲು ಸರಿಯಾಗಿ ಅವನು ಮತ್ತೆ ಡ್ಯೂಟಿಗೆ ಹೋದ. ಈಗಲೂ ಅವನು ರಜೆಗೆ ಬಂದಾಗ ನೆಂಟರ ನಡುವೆ ಅವಳು, “ಅವತ್ತು ಇವ್ರು ಹೋಗು ಅನ್ನದಿದ್ರೆ ನಾನು ಇರ್ತಿರಲಿಲ್ಲ” ಎನ್ನುತ್ತಾಳೆ. ಅವನು ತಲೆ ತಗ್ಗಿಸಿ ಕೂರುತ್ತಾನೆ. ಕಳೆದ ಸಲ ಅವನ ಕೈಯ ತುತ್ತು ತಟ್ಟೆಯಲ್ಲೇ ಉಳಿಯಿತು. ಸಿಗದ ಹೊಗಳಿಕೆಗಿಂತ ತನ್ನದಲ್ಲದ ಹೊಗಳಿಕೆ ಅವನಿಗೆ ಹೆಚ್ಚು ಕಷ್ಟ. ಅದನ್ನು ನೋಡಲಾರದೆ ಇಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಎತ್ತಬೇಡ ಎಂದು ನಿಲ್ಲಿಸಿದವನು ಇನ್ನೂ ಬಾ ಎಂದು ಹೇಳಿಲ್ಲ. ಆದರೂ ನಾನು ಪೋಸ್ಟ್ ಬಿಡುತ್ತಿದ್ದೇನೆ.

ನೋಡವ್ವ, ಹೋಗು ಎಂದವಳು ನಾನು. ಆದರೆ ನೀನು ಸತ್ತಿದ್ದರೆ ಕೊಂದವನು ತಾನೇ ಆಗಲಿ ಎಂದು ನನ್ನ ಪಕ್ಕದಲ್ಲಿ ಬಂದು ಕುಳಿತವನು ನಿನ್ನ ಗಂಡ. ನೆಂಟರ ಮುಂದೆ ನೀನು ಅವನನ್ನು ಹೊಗಳುತ್ತಲೇ ಇರು, ಇದಕ್ಕಾಗಿ ಆ ಹೊಗಳಿಕೆ ಅವನಿಗೆ ಸಲ್ಲಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ನಾನು ಈಗಲೂ ಮಗ್ಗ ನಿಲ್ಲಿಸಿಬಿಡುತ್ತೇನೆ.